ಹಿರಿಯರ ಕಥೆಯನ್ನು ಕಟಕಟೆಗೆ ಒಯ್ದ ಕೊಯ್ಕಿ ಮಾಬೊ

1986ನೇ ಇಸವಿಯ ಕೊನೆಯ ತಿಂಗಳುಗಳು. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ರಾಜ್ಯದ ರಾಜಧಾನಿ ಬ್ರಿಸ್ಬೇನ್‌ನ ನ್ಯಾಯಾಲಯದಲ್ಲಿ ಐವತ್ತರ ಹರೆಯದ ದ್ವೀಪವಾಸಿಯೊಬ್ಬರು ಸಾಕ್ಷಿ ಹೇಳುತ್ತಿದ್ದರು. ತಮ್ಮ ಕುಟುಂಬದ ತೋಟ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ, ಅದು ಯಾರಿಂದ ಯಾರಿಗೆ ಬಂತು ಎಂಬುದನ್ನು ಬಾಲ್ಯದಲ್ಲಿ ಹಿರಿಯರು ಹೇಳಿಕೊಟ್ಟಂತೆಯೇ ಅವರು ವಿವರಿಸುತ್ತಿದ್ದರು. ಆದರೆ ಮಾತು ಮುಂದುವರಿಯುವಷ್ಟರಲ್ಲಿ ಸರ್ಕಾರದ ಪರ ವಕೀಲರು ಎದ್ದು ನಿಲ್ಲುತ್ತಿದ್ದರು. ಸತ್ತುಹೋದವರು ಹೇಳಿದ್ದನ್ನು ಬದುಕಿರುವವರು ಬಂದು ಒಪ್ಪಿಸಿದರೆ ಅದು ಕೇವಲ ಕೇಳಿಕೆಯ ಮಾತು, ಕಾನೂನಿನ ಕಣ್ಣಿನಲ್ಲಿ ಅದು ಸಾಕ್ಷ್ಯವಾಗದು ಎಂಬುದು ಅವರ ತಕರಾರು. ಒಬ್ಬ ಸಾಕ್ಷಿಯ ಹೇಳಿಕೆಗೆ ಇಂಥ ನೂರಾರು ಆಕ್ಷೇಪಣೆಗಳು ದಾಖಲಾದವು.

ಆ ಸಾಕ್ಷಿಯ ಹೆಸರು ಎಡ್ಡಿ ಕೊಯ್ಕಿ ಮಾಬೊ. ಅಕ್ಷರ ರೂಪದ ದಾಖಲೆಯಿಲ್ಲದ ಜನಾಂಗವೊಂದು ತನ್ನ ನೆಲದ ಹಕ್ಕನ್ನು ಯಾವ ಆಧಾರದಿಂದ ಸಾಬೀತು ಮಾಡಬೇಕು ಎಂಬ ಪ್ರಶ್ನೆಯನ್ನು ಒಂದು ಆಧುನಿಕ ರಾಷ್ಟ್ರದ ಅತ್ಯುನ್ನತ ನ್ಯಾಯಪೀಠದವರೆಗೆ ಕೊಂಡೊಯ್ದವರು ಅವರು. ಆ ಹೋರಾಟದಲ್ಲಿ ಅವರ ಜನ ಗೆದ್ದರು. ಅವರ ಸ್ವಂತ ಹಕ್ಕನ್ನು ಮಾತ್ರ ನ್ಯಾಯಾಲಯ ಒಪ್ಪಲಿಲ್ಲ. ಅಂತಿಮ ತೀರ್ಪು ಕೇಳಲು ಅವರು ಬದುಕಿಯೂ ಇರಲಿಲ್ಲ.

ಪುಟ್ಟ ದ್ವೀಪದ ದೊಡ್ಡ ನೆನಪು

ಆಸ್ಟ್ರೇಲಿಯಾದ ಈಶಾನ್ಯ ತುದಿ ಮತ್ತು ನ್ಯೂ ಗಿನಿ ನಡುವಿನ ಸಮುದ್ರಕ್ಕೆ ಟಾರೆಸ್ ಜಲಸಂಧಿ ಎಂದು ಹೆಸರು. ಅದರ ಪೂರ್ವದಂಚಿನಲ್ಲಿರುವ ಮರ್ರೆ ದ್ವೀಪಗಳ ಗುಂಪಿನಲ್ಲಿ ದೊಡ್ಡದು ಮೇರ್. ದೊಡ್ಡದು ಎಂದರೂ ಅದರ ಉದ್ದ ಮೂರು ಕಿಲೋಮೀಟರ್‌ಗಿಂತ ಕಡಿಮೆ, ಅಗಲ ಎರಡು ಕಿಲೋಮೀಟರ್‌ಗಿಂತ ಕಡಿಮೆ. ಈ ದ್ವೀಪದ ಲಾಸ್ ಎಂಬ ಹಳ್ಳಿಯಲ್ಲಿ 1936ರ ಜೂನ್ 29ರಂದು ಕೊಯ್ಕಿ ಜನಿಸಿದರು. ಹುಟ್ಟಿದಾಗ ಅವರ ಮನೆತನದ ಹೆಸರು ಸಾಂಬೊ. ಹೆತ್ತ ತಾಯಿ ಬಹುಬೇಗ ತೀರಿಕೊಂಡರು. ದ್ವೀಪದ ಸಂಪ್ರದಾಯದಂತೆ ಸೋದರಮಾವ ಬೆನ್ನಿ ಮಾಬೊ ಮತ್ತು ಅವರ ಪತ್ನಿ ಮೈಗಾ ಮಗುವನ್ನು ತಮ್ಮದಾಗಿಸಿಕೊಂಡು ಸಾಕಿದರು. ಬಂಧುಗಳ ಮಗುವನ್ನು ಹೀಗೆ ಮಡಿಲಿಗೆ ತೆಗೆದುಕೊಳ್ಳುವುದು ಅಲ್ಲಿ ಸಾಮಾನ್ಯ ಪದ್ಧತಿ. ಅದಕ್ಕೆ ಕಾಗದಪತ್ರದ ಅಗತ್ಯವಿರಲಿಲ್ಲ. ಮುಂದೊಂದು ದಿನ ಈ ದತ್ತುವೇ ನ್ಯಾಯಾಲಯದ ಚರ್ಚೆಯ ವಸ್ತುವಾಗುತ್ತದೆಂದು ಯಾರೂ ಊಹಿಸಿರಲಿಲ್ಲ.

ಮೆರಿಯಮ್ ಎಂದು ಕರೆಸಿಕೊಳ್ಳುವ ಅಲ್ಲಿನ ಜನ ಕೃಷಿಕರು, ಮೀನುಗಾರರು. ದ್ವೀಪದ ಪ್ರತಿಯೊಂದು ತುಂಡು ನೆಲಕ್ಕೂ, ಕಡಲಂಚಿನಲ್ಲಿ ಕಲ್ಲು ಜೋಡಿಸಿ ಕಟ್ಟಿದ ಮೀನಿನ ಕಟ್ಟೆಗಳಿಗೂ ಒಡೆಯರಿದ್ದರು. ಒಬ್ಬರ ಜಾಗ ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಮರ, ಬಂಡೆ, ದಿಣ್ಣೆಗಳೇ ಬಾಂದುಕಲ್ಲುಗಳು. ಈ ವ್ಯವಸ್ಥೆಯ ಹಿಂದೆ ಮಾಲೊ ಎಂಬ ದೈವದ ಕಥೆಯಿತ್ತು. ಅಷ್ಟಪದಿಯ ರೂಪದಲ್ಲಿ ದ್ವೀಪಕ್ಕೆ ಬಂದ ಮಾಲೊ ಅಲ್ಲಿನ ಎಂಟು ಕುಲಗಳನ್ನು ಒಂದಾಗಿಸಿ ಬಾಳುವ ನಿಯಮಗಳನ್ನು ಕೊಟ್ಟನೆಂಬುದು ಜನರ ನಂಬಿಕೆ. ಪರರ ನೆಲಕ್ಕೆ ಕಾಲಿಡಬಾರದು, ಪರರ ಬೆಳೆಗೆ ಕೈಹಾಕಬಾರದು, ತನ್ನ ತೋಟವನ್ನು ತಾನು ನೋಡಿಕೊಳ್ಳಬೇಕು ಎಂಬುದು ಆ ನಿಯಮಗಳ ಸಾರ. ಹಾಡು, ಕುಣಿತ, ಕಥೆಗಳ ಮೂಲಕ ಈ ಕಟ್ಟಳೆ ತಲೆಮಾರಿನಿಂದ ತಲೆಮಾರಿಗೆ ಸಾಗಿ ಬಂದಿತ್ತು. ಬೆನ್ನಿ ಮಾಬೊ ತಮ್ಮ ಮಗನಿಗೂ ಅದನ್ನು ಹೇಳಿಕೊಟ್ಟರು. ನೆಲದ ಮೇಲೆ ನಡೆಸಿಕೊಂಡು ಹೋಗಿ ಗಡಿ ತೋರಿಸುವುದು, ಆ ಗಡಿಯ ಕಥೆ ಹೇಳುವುದು, ಮಗ ಅದನ್ನು ತಿರುಗಿ ಹೇಳುವುದು. ಮೇರ್‌ನ ಹಕ್ಕುಪತ್ರ ಎಂದರೆ ಇದೇ.

1879ರಲ್ಲಿ ಕ್ವೀನ್ಸ್‌ಲೆಂಡ್ ವಸಾಹತು ಈ ದ್ವೀಪಗಳನ್ನು ತನ್ನದಾಗಿಸಿಕೊಂಡಿತು. ಆದರೆ ಜನ ತಮ್ಮ ತೋಟಗಳಲ್ಲಿ ಎಂದಿನಂತೆಯೇ ದುಡಿದರು. ಆಡಳಿತದ ಅಡಿಯಲ್ಲಿ ನಡೆಯುತ್ತಿದ್ದ ದ್ವೀಪದ ನ್ಯಾಯಮಂಡಳಿ ಜಮೀನಿನ ವ್ಯಾಜ್ಯಗಳನ್ನು ಊರಿನ ಪದ್ಧತಿಯಂತೆಯೇ ಬಗೆಹರಿಸುತ್ತಿತ್ತು. ತಮ್ಮ ನೆಲ ತಮ್ಮ ಕೈತಪ್ಪಿದೆ ಎಂದು ಅನ್ನಿಸುವ ಯಾವ ಕಾರಣವೂ ಅವರಿಗಿರಲಿಲ್ಲ.

ಗಡಿಪಾರು, ದುಡಿಮೆ, ಸಂಘಟನೆ

ಹದಿಹರೆಯದಲ್ಲಿ ಮದ್ಯ ಸೇವಿಸಿದ ಆರೋಪದ ಮೇಲೆ ಇದೇ ದ್ವೀಪದ ನ್ಯಾಯಮಂಡಳಿ ಕೊಯ್ಕಿಯನ್ನು ಒಂದು ವರ್ಷ ಊರಿನಿಂದ ಹೊರಹಾಕಿತು. ಮುತ್ತಿನ ಚಿಪ್ಪು ಸಂಗ್ರಹಿಸುವ ದೋಣಿಗಳಲ್ಲಿ, ಬಳಿಕ ಮುಖ್ಯ ಭೂಭಾಗದ ಕಬ್ಬಿನ ಗದ್ದೆಗಳಲ್ಲಿ, ರೈಲು ಹಳಿಗಳ ದುರಸ್ತಿ ಕೆಲಸದಲ್ಲಿ ಅವರು ದುಡಿದರು. 1959ರಲ್ಲಿ ಬೊನಿಟಾ ಅವರನ್ನು ವಿವಾಹವಾದರು. ಕಬ್ಬಿನ ತೋಟಗಳ ದುಡಿಮೆಗಾಗಿ ದಕ್ಷಿಣ ಪೆಸಿಫಿಕ್ ದ್ವೀಪಗಳಿಂದ ಕರೆತರಲಾಗಿದ್ದ ಜನರ ಸಂತತಿಗೆ ಸೇರಿದವರು ಬೊನಿಟಾ. ದಂಪತಿಗೆ ಏಳು ಮಕ್ಕಳು. ಜೊತೆಗೆ ದ್ವೀಪದ ಪದ್ಧತಿಯನ್ನು ಮರೆಯದೆ ಮೂವರು ಮಕ್ಕಳನ್ನು ದತ್ತು ಪಡೆದು ಸಾಕಿದರು.

ಟೌನ್ಸ್‌ವಿಲ್ ನಗರದಲ್ಲಿ ನೆಲೆಸಿದ ಮಾಬೊ ಬಂದರಿನಲ್ಲಿ ಕೂಲಿಯಾಗಿದ್ದುಕೊಂಡೇ ಮೂಲನಿವಾಸಿಗಳ ಸಂಘಟನೆಯಲ್ಲಿ ತೊಡಗಿಕೊಂಡರು. ಕಪ್ಪು ಬಣ್ಣದವರಿಗೆ ಬಾಡಿಗೆ ಮನೆ ಸಿಗುವುದೇ ದುಸ್ತರವಾಗಿದ್ದ ಕಾಲ ಅದು. ಶಾಲೆಗಳಲ್ಲಿ ತಮ್ಮ ಮಕ್ಕಳು ತಮ್ಮ ಭಾಷೆ, ಸಂಸ್ಕೃತಿಗಳನ್ನು ಕಳೆದುಕೊಳ್ಳುತ್ತಿರುವುದನ್ನು ಕಂಡು 1973ರಲ್ಲಿ ಗೆಳೆಯರ ಜೊತೆಗೂಡಿ ಕಪ್ಪು ಜನರದೇ ಆದ ಶಾಲೆಯೊಂದನ್ನು ತೆರೆದರು. ಹತ್ತು ಮಕ್ಕಳೊಂದಿಗೆ ಆರಂಭವಾದ ಆ ಶಾಲೆ 1985ರವರೆಗೆ ನಡೆಯಿತು. ಶಿಕ್ಷಣ ಇಲಾಖೆಯ ಅಸಹಕಾರ, ಸ್ಥಳೀಯರ ಟೀಕೆ, ಹಣದ ಅಭಾವ ಎಲ್ಲವನ್ನೂ ಮಾಬೊ ದಂಪತಿ ಎದುರಿಸಿದರು.

ಇದೇ ಅವಧಿಯಲ್ಲಿ ಅವರ ಬದುಕಿನಲ್ಲಿ ಮಾಸದ ನೋವೊಂದು ಉಳಿದುಹೋಯಿತು. ಸಾಕುತಂದೆ ಬೆನ್ನಿ ಮಾಬೊ ಮರಣಶಯ್ಯೆಯಲ್ಲಿದ್ದಾಗ ಅವರನ್ನು ನೋಡಲು ಹೋಗಬೇಕಿದ್ದರೆ ಕ್ವೀನ್ಸ್‌ಲೆಂಡ್ ಆಡಳಿತದ ಅನುಮತಿ ಬೇಕಿತ್ತು. ಹುಟ್ಟೂರಿಗೆ ಕಾಲಿಡಲು ಪರವಾನಗಿ! ಚಳವಳಿಗಾರನೆಂಬ ಹಣೆಪಟ್ಟಿ ಹೊತ್ತಿದ್ದ ಮಾಬೊ ಅವರಿಗೆ ಆ ಅನುಮತಿ ದೊರೆಯಲಿಲ್ಲ. ಕೆಲವೇ ವಾರಗಳಲ್ಲಿ ತಂದೆ ತೀರಿಕೊಂಡರು.

ಊಟದ ವಿರಾಮದಲ್ಲಿ ಸಿಡಿಲು

1967ರಿಂದ 1975ರವರೆಗೆ ಮಾಬೊ ಟೌನ್ಸ್‌ವಿಲ್‌ನ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಲ್ಲಿ ತೋಟದ ಕೆಲಸ ಮಾಡುತ್ತಿದ್ದರು. ಬಿಡುವಿನ ವೇಳೆಯಲ್ಲಿ ಅಲ್ಲಿನ ಗ್ರಂಥಾಲಯಕ್ಕೆ ಹೋಗಿ, 1898ರಲ್ಲಿ ತಮ್ಮ ದ್ವೀಪಕ್ಕೆ ಬಂದಿದ್ದ ಕೇಂಬ್ರಿಜ್ ಮಾನವಶಾಸ್ತ್ರಜ್ಞರ ವರದಿಗಳನ್ನು ಓದುತ್ತಿದ್ದರು. ಬಿಳಿಯರು ಬರೆದ ಆ ಪುಟಗಳಲ್ಲಿ ತಮ್ಮ ಹಿರಿಯರ ವಂಶಾವಳಿಗಳೂ ದಾಖಲಾಗಿದ್ದವು.

ಇತಿಹಾಸ ವಿಭಾಗದ ಹೆನ್ರಿ ರೆನಾಲ್ಡ್ಸ್ ಮತ್ತು ನೋಯೆಲ್ ಲೂಸ್ ಅವರಿಗೆ ಆಪ್ತರಾಗಿದ್ದರು. 1970ರ ದಶಕದ ಮಧ್ಯಭಾಗದಲ್ಲಿ ಒಂದು ದಿನ ಮೂವರೂ ಊಟಕ್ಕೆ ಕುಳಿತಿದ್ದಾಗ ಮಾಬೊ ಮೇರ್‌ನಲ್ಲಿರುವ ತಮ್ಮ ಜಮೀನಿನ ಬಗ್ಗೆ ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದರು. ಇತಿಹಾಸಕಾರರಿಬ್ಬರೂ ಮುಖ ಮುಖ ನೋಡಿಕೊಂಡರು. ಕಾನೂನಿನ ಪ್ರಕಾರ ಆ ನೆಲ ಅವರದಲ್ಲ, ಬ್ರಿಟಿಷ್ ಅರಸೊತ್ತಿಗೆಗೆ ಸೇರಿದ ಸರ್ಕಾರಿ ಜಮೀನು ಎಂಬ ಸತ್ಯವನ್ನು ತಿಳಿಸಬೇಕಾದ ಕಹಿ ಕೆಲಸ ಅವರ ಪಾಲಿಗೆ ಬಂತು. ಮಾಬೊ ನಂಬಲಿಲ್ಲ. ತಲೆತಲಾಂತರದಿಂದ ತಂದೆಯಿಂದ ಮಗನಿಗೆ ಬಂದ ನೆಲ, ಅಲ್ಲಿಲ್ಲದ ಯಾರದೋ ಹೆಸರಿನಲ್ಲಿರುವುದು ಅವರ ಊಹೆಗೂ ನಿಲುಕದ ಸಂಗತಿಯಾಗಿತ್ತು.

ಆಸ್ಟ್ರೇಲಿಯಾದ ಕಾನೂನಿನ ನಿಲುವು ಸ್ಪಷ್ಟವಿತ್ತು. 1788ರಲ್ಲಿ ಬ್ರಿಟಿಷರು ನೆಲೆಯೂರಿದಾಗ ಆ ಖಂಡ ಯಾರ ಒಡೆತನಕ್ಕೂ ಸೇರದ ಭೂಮಿಯಾಗಿತ್ತು ಎಂದೇ ಅದು ಭಾವಿಸಿತ್ತು. ಉತ್ತರ ಭಾಗದ ಯೊಲ್ಙು ಜನ ಗಣಿಗಾರಿಕೆಯ ವಿರುದ್ಧ ಹೂಡಿದ್ದ ದಾವೆ 1971ರಲ್ಲಿ ತೀರ್ಮಾನವಾಗಿತ್ತು. ಆ ಜನರಿಗೆ ತಮ್ಮದೇ ಆದ ಕಾನೂನಿನ ವ್ಯವಸ್ಥೆ ಇದೆ ಎಂದು ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್ ಒಪ್ಪಿದರೂ, ನೆಲದ ಮೇಲಿನ ಹಕ್ಕನ್ನು ಮಾತ್ರ ಮಾನ್ಯ ಮಾಡಿರಲಿಲ್ಲ.

1981ರಲ್ಲಿ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಲ್ಲಿ ಭೂಮಿಯ ಹಕ್ಕು ಕುರಿತ ಸಮ್ಮೇಳನ ಏರ್ಪಟ್ಟಿತು. ಮೇರ್‌ನಲ್ಲಿ ಆಸ್ತಿ ಹೇಗೆ ತಲೆಮಾರಿನಿಂದ ತಲೆಮಾರಿಗೆ ದಾಟುತ್ತದೆ ಎಂಬುದನ್ನು ಮಾಬೊ ಅಲ್ಲಿ ವಿವರಿಸಿದರು. ಇದನ್ನೇ ಮೊಕದ್ದಮೆಯಾಗಿಸಿ ಅತ್ಯುನ್ನತ ನ್ಯಾಯಾಲಯದ ಮುಂದಿಡಬೇಕೆಂಬ ನಿರ್ಧಾರ ಅಲ್ಲಿಯೇ ಮೊಳೆಯಿತು. ಪ್ರತಿ ತುಂಡು ನೆಲಕ್ಕೂ ಒಡೆಯನಿರುವ, ಗಡಿಗಳು ನಿಶ್ಚಿತವಾಗಿರುವ ದ್ವೀಪ ಅದು. ಯಾರದೂ ಅಲ್ಲದ ನೆಲವೆಂಬ ವಾದವನ್ನು ಪರೀಕ್ಷೆಗೊಡ್ಡಲು ಅದಕ್ಕಿಂತ ಸೂಕ್ತ ಜಾಗ ಸಿಗುವಂತಿರಲಿಲ್ಲ.

ಹತ್ತು ವರ್ಷಗಳ ದಾವೆ

1982ರ ಮೇ 20ರಂದು ದಾವೆ ದಾಖಲಾಯಿತು. ಮಾಬೊ ಅವರ ಜೊತೆಗೆ ಸ್ಯಾಮ್ ಪಾಸಿ, ಪಾದ್ರಿ ಡೇವ್ ಪಾಸಿ, ಜೇಮ್ಸ್ ರೈಸ್ ಹಾಗೂ ಸೆಲುಯಿಯಾ ಮಾಪೊ ಸಾಲಿ ಎಂಬ ಮಹಿಳೆ ವಾದಿಗಳು. ರಾನ್ ಕ್ಯಾಸ್ಟನ್, ಬ್ರಯಾನ್ ಕಿಯೋನ್-ಕೊಹೆನ್, ಗ್ರೆಗ್ ಮೆಕಿಂಟೈರ್ ಅವರ ವಕೀಲರು. ಭಾರತದಲ್ಲಿರುವುದಕ್ಕೆ ವ್ಯತಿರಿಕ್ತವಾಗಿ ಆಸ್ಟ್ರೇಲಿಯಾದಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಹೈಕೋರ್ಟ್ ಎಂದೂ, ರಾಜ್ಯದ ನ್ಯಾಯಾಲಯಕ್ಕೆ ಸುಪ್ರೀಂ ಕೋರ್ಟ್ ಎಂದೂ ಹೆಸರು. ಹೈಕೋರ್ಟ್‌ಗೆ ಸಲ್ಲಿಕೆಯಾದ ಈ ದಾವೆಯ ವಾಸ್ತವಾಂಶಗಳನ್ನು ಪರಿಶೀಲಿಸುವ ಹೊಣೆಯನ್ನು 1986ರಲ್ಲಿ ಕ್ವೀನ್ಸ್‌ಲೆಂಡ್‌ನ ಸುಪ್ರೀಂ ಕೋರ್ಟ್‌ಗೆ ವಹಿಸಲಾಯಿತು. ನ್ಯಾಯಮೂರ್ತಿ ಮಾರ್ಟಿನ್ ಮೊಯ್ನಿಹಾನ್ ವಿಚಾರಣೆ ಆರಂಭಿಸಿದರು.

ಅಷ್ಟರಲ್ಲಿ ರಾಜ್ಯ ಸರ್ಕಾರ ದಾವೆಯ ಬುಡವನ್ನೇ ಕತ್ತರಿಸಲು ಮುಂದಾಗಿತ್ತು. ದ್ವೀಪದ ಜನರಿಗೆ ಹಕ್ಕೇನಾದರೂ ಇದ್ದಿದ್ದರೆ ಅದು 1879ರಲ್ಲೇ ಅಳಿದುಹೋಯಿತೆಂದು ಸಾರುವ ಕಾಯ್ದೆಯನ್ನು 1985ರಲ್ಲಿ ಶಾಸನಸಭೆ ಅಂಗೀಕರಿಸಿತು. ಈ ಕಾಯ್ದೆ 1975ರ ಜನಾಂಗೀಯ ತಾರತಮ್ಯ ನಿಷೇಧ ಕಾನೂನಿಗೆ ವಿರುದ್ಧವಾಗಿದೆಯೆಂದು 1988ರ ಡಿಸೆಂಬರ್‌ನಲ್ಲಿ ಹೈಕೋರ್ಟ್ 4-3ರ ಬಹುಮತದಿಂದ ತೀರ್ಪಿತ್ತಿತು. ಒಂದೇ ಒಂದು ಮತದ ಅಂತರದಿಂದ ದಾವೆ ಉಳಿದುಕೊಂಡಿತು.

ನ್ಯಾಯಾಲಯದಲ್ಲಿ ಮಾಬೊ ಎದುರಿಸಿದ ತೊಡಕು ಅವರೊಬ್ಬರದೇ ಆಗಿರಲಿಲ್ಲ. ಇಂಗ್ಲಿಷ್ ಪರಂಪರೆಯ ಸಾಕ್ಷ್ಯ ನಿಯಮದಂತೆ ಸಾಕ್ಷಿಯು ತಾನು ಕಂಡದ್ದನ್ನು ಹೇಳಬೇಕು. ಬೇರೊಬ್ಬರು ಹೇಳಿದ್ದನ್ನು ಸತ್ಯವೆಂದು ಮುಂದಿಟ್ಟರೆ, ಹೇಳಿದಾತನನ್ನು ಪಾಟಿ ಸವಾಲಿಗೆ ಒಳಪಡಿಸಲಾಗದು ಎಂಬ ಕಾರಣಕ್ಕೆ ಅದು ತಿರಸ್ಕೃತವಾಗುತ್ತದೆ. ಬರವಣಿಗೆಯಿದ್ದ ಸಮಾಜಕ್ಕೆ ಈ ನಿಯಮ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಕ್ರಯಪತ್ರ, ಉಯಿಲು, ನಕ್ಷೆಗಳು ಸತ್ತವರ ಪರವಾಗಿ ಮಾತನಾಡುತ್ತವೆ. ಆದರೆ ಮಾತಿನಲ್ಲೇ ಕಾನೂನನ್ನು ಕಾಪಾಡಿಕೊಂಡು ಬಂದವರ ಬಾಯಿಯನ್ನೇ ಈ ನಿಯಮ ಕಟ್ಟಿಹಾಕುತ್ತದೆ.

1989ರ ಮೇ ತಿಂಗಳಲ್ಲಿ ನ್ಯಾಯಾಲಯವೇ ಮೇರ್‌ಗೆ ಬಂತು. ಕಡಲಿನ ಸದ್ದು ಕೇಳುವ ದ್ವೀಪದಲ್ಲಿ ನ್ಯಾಯಮೂರ್ತಿ ಕಲಾಪ ನಡೆಸಿದರು. ಹಿರಿಯರು ತಮ್ಮ ಮಣ್ಣಿನ ಮೇಲೆಯೇ ನಿಂತು ಗಡಿಗಳನ್ನು ತೋರಿಸಿದರು. ಮಾಲೊವಿನ ಕಟ್ಟಳೆಯನ್ನು ವಿವರಿಸಿದರು. ಪಾದ್ರಿಯಾಗಿದ್ದ ಡೇವ್ ಪಾಸಿ, ಮಾಲೊವಿನ ನಿಯಮಕ್ಕೂ ತಮ್ಮ ಕ್ರೈಸ್ತ ಧರ್ಮಕ್ಕೂ ವಿರೋಧವಿಲ್ಲವೆಂಬ ನಿಲುವಿನವರಾಗಿದ್ದರು. ದ್ವೀಪದ ನ್ಯಾಯಮಂಡಳಿಯ ಹಳೆಯ ಕಡತಗಳೂ, ಕೇಂಬ್ರಿಜ್ ತಂಡ ಬರೆದಿಟ್ಟ ವಂಶಾವಳಿಗಳೂ ಬಾಯಿಮಾತಿನ ಬೆಂಬಲಕ್ಕೆ ಬಂದವು.

ನಂಬಿಕೆಗೆ ಪಾತ್ರವಾಗದ ಸಾಕ್ಷಿ

1990ರ ನವೆಂಬರ್ 16ರಂದು ನ್ಯಾಯಮೂರ್ತಿ ಮೊಯ್ನಿಹಾನ್ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಮಾಬೊ ಅವರಿಗೆ ಅದು ದೊಡ್ಡ ಪೆಟ್ಟು. ಬೆನ್ನಿ ಮಾಬೊ ಅವರ ದತ್ತುಪುತ್ರ ಎಂಬ ಅವರ ಹೇಳಿಕೆಯನ್ನು ನ್ಯಾಯಮೂರ್ತಿ ಒಪ್ಪಲಿಲ್ಲ. ಜಮೀನುಗಳ ಮೇಲಿನ ಅವರ ವೈಯಕ್ತಿಕ ಹಕ್ಕೊತ್ತಾಯವೂ ಬಿದ್ದುಹೋಯಿತು. ತನ್ನ ಹಿತಕ್ಕೆ ಸಂಬಂಧಿಸಿದ ವಿಷಯಗಳಲ್ಲಿ ಈ ಸಾಕ್ಷಿಯ ಮಾತನ್ನು ನೆಚ್ಚುವುದು ಕಷ್ಟವೆಂಬ ಅಭಿಪ್ರಾಯವೂ ದಾಖಲಾಯಿತು. ದ್ವೀಪದ ಎಲ್ಲರೂ ಅವರ ಬೆನ್ನಿಗಿರಲಿಲ್ಲ ಎಂಬುದೂ ಇಲ್ಲಿ ಗಮನಾರ್ಹ. ದೀರ್ಘಕಾಲ ಊರಿನಿಂದ ಹೊರಗಿದ್ದವನು ನೆಲ ಕೇಳುವುದು ಸರಿಯೇ ಎಂಬ ಪ್ರಶ್ನೆ ಊರಿನಲ್ಲೂ ಇತ್ತು.

ಆದರೆ ಅದೇ ನಿರ್ಣಯಗಳಲ್ಲಿ ಇನ್ನೊಂದು ಮಾತೂ ಇತ್ತು. ಮೆರಿಯಮ್ ಜನರಿಗೆ ದ್ವೀಪದೊಡನೆ ಗಾಢವಾದ ಸಂಬಂಧವಿದೆ, ಯಾವ ನೆಲ ಯಾರದು ಎಂಬ ಸ್ಪಷ್ಟ ಪ್ರಜ್ಞೆ ಅವರಲ್ಲಿದೆ, ಸಮಾಜ ಕ್ರಮಬದ್ಧವಾಗಿ ಮುಂದುವರಿದುಕೊಂಡು ಬಂದಿದೆ ಎಂಬುದನ್ನು ನ್ಯಾಯಮೂರ್ತಿ ಅಂಗೀಕರಿಸಿದರು. ಕೊಯ್ಕಿ ಹೇಳಿದ ಸ್ವಂತ ಕಥೆ ಸೋತಿತು, ಅವರ ಜನರೆಲ್ಲ ಸೇರಿ ಹೇಳಿದ ಕಥೆ ಉಳಿಯಿತು. ದಾವೆ ಹೈಕೋರ್ಟ್‌ಗೆ ಮರಳಿದಾಗ ಡೇವ್ ಪಾಸಿ ಮತ್ತು ಜೇಮ್ಸ್ ರೈಸ್ ಅವರ ಹಕ್ಕೊತ್ತಾಯಗಳು ಮುಂದುವರಿದವು. ಮಾಬೊ ಹೆಸರು ಪ್ರಕರಣದ ಶೀರ್ಷಿಕೆಯಾಗಿ ಉಳಿಯಿತು.

ಆ ವೇಳೆಗೆ ಕ್ಯಾನ್ಸರ್ ಅವರ ದೇಹವನ್ನು ಆವರಿಸಿತ್ತು. 1992ರ ಜನವರಿ 21ರಂದು, 55ನೇ ವಯಸ್ಸಿನಲ್ಲಿ, ಬ್ರಿಸ್ಬೇನ್‌ನಲ್ಲಿ ಅವರು ಕೊನೆಯುಸಿರೆಳೆದರು.

ಜೂನ್ 3ರ ತೀರ್ಪು

ನಾಲ್ಕೂವರೆ ತಿಂಗಳ ಬಳಿಕ, 1992ರ ಜೂನ್ 3ರಂದು ಹೈಕೋರ್ಟ್ 6-1ರ ಬಹುಮತದಿಂದ ತೀರ್ಪು ನೀಡಿತು. ನ್ಯಾಯಮೂರ್ತಿ ಜೆರಾರ್ಡ್ ಬ್ರೆನನ್ ಪ್ರಧಾನ ತೀರ್ಪು ಬರೆದರು. ಯಾರದೂ ಅಲ್ಲದ ನೆಲ ಎಂಬ ಕಲ್ಪನೆಗೆ ಆಸ್ಟ್ರೇಲಿಯಾದ ಕಾನೂನಿನಲ್ಲಿ ಇನ್ನು ಸ್ಥಾನವಿಲ್ಲವಾಯಿತು. ಮೇರ್ ದ್ವೀಪದ ನೆಲವನ್ನು ಅನುಭವಿಸುವ ಹಕ್ಕು, ಕೆಲವು ನಿರ್ದಿಷ್ಟ ಜಾಗಗಳನ್ನು ಹೊರತುಪಡಿಸಿ, ಇಡೀ ಜಗತ್ತಿನ ಎದುರು ಮೆರಿಯಮ್ ಜನರದೇ ಎಂದು ಘೋಷಣೆಯಾಯಿತು.

ಮೂಲನಿವಾಸಿಗಳ ಹಕ್ಕು ಹುಟ್ಟುವುದು ಅವರದೇ ಸಂಪ್ರದಾಯದ ಕಾನೂನು ಮತ್ತು ಆಚರಣೆಗಳಿಂದ, ಅದರ ಸ್ವರೂಪವನ್ನು ಅರಿಯಬೇಕಾದದ್ದೂ ಅವುಗಳಿಂದಲೇ ಎಂಬುದು ಈ ತೀರ್ಪಿನ ತಿರುಳು. ಹೀಗೆ ಹೇಳಿದ ಮೇಲೆ ಆ ಕಾನೂನನ್ನು ಹೊತ್ತು ತಂದ ಹಾಡು, ಕಥೆ, ನೆನಪುಗಳನ್ನು ಕೇಳದೆ ನ್ಯಾಯಾಲಯಕ್ಕೆ ಬೇರೆ ದಾರಿಯಿರಲಿಲ್ಲ.

1993ರಲ್ಲಿ ಮೂಲನಿವಾಸಿಗಳ ಭೂಹಕ್ಕು ಕಾಯ್ದೆ ಅಂಗೀಕಾರವಾದಾಗ, ಇಂಥ ಪ್ರಕರಣಗಳಲ್ಲಿ ನ್ಯಾಯಾಲಯವು ಸಾಕ್ಷ್ಯ ನಿಯಮಗಳಿಗೆ ಕಟ್ಟುಬೀಳಬೇಕಿಲ್ಲ ಎಂಬ ಅವಕಾಶವಿತ್ತು. 1998ರ ತಿದ್ದುಪಡಿ ಅದನ್ನು ತಿರುಗಿಸಿ, ನ್ಯಾಯಾಲಯ ಬೇರೆ ಆದೇಶ ನೀಡದಿದ್ದರೆ ನಿಯಮಗಳು ಅನ್ವಯವಾಗುತ್ತವೆ ಎಂದಿತು. ಅದೇ ವರ್ಷ ಯೊರ್ಟಾ ಯೊರ್ಟಾ ಜನರ ಪ್ರಕರಣದಲ್ಲಿ, ಹಿರಿಯರ ಬಾಯಿಮಾತಿಗಿಂತ 19ನೇ ಶತಮಾನದ ಬಿಳಿಯ ವಲಸಿಗನೊಬ್ಬನ ಬರಹಕ್ಕೇ ಹೆಚ್ಚಿನ ತೂಕ ದೊರೆಯಿತು. ಅವರ ದಾವೆ ವಜಾ ಆಯಿತು. 2002ರಲ್ಲಿ ಹೈಕೋರ್ಟ್ ಕೂಡ ಆ ಫಲಿತಾಂಶವನ್ನು ಎತ್ತಿಹಿಡಿಯಿತು. ದೂರದ ಕೆನಡಾದಲ್ಲಿ ಮಾತ್ರ, 1997ರ ಡೆಲ್ಗಮೂಕ್ ಪ್ರಕರಣದಲ್ಲಿ, ಮೌಖಿಕ ಇತಿಹಾಸವನ್ನು ಲಿಖಿತ ದಾಖಲೆಗೆ ಸಮನಾಗಿ ಕಾಣಬೇಕೆಂದು ಆ ದೇಶದ ಸುಪ್ರೀಂ ಕೋರ್ಟ್ ಹೇಳಿತ್ತು. ಆಸ್ಟ್ರೇಲಿಯಾದ ಸಾಕ್ಷ್ಯ ಕಾಯ್ದೆಗೆ 2008ರಲ್ಲಿ ತಿದ್ದುಪಡಿಯಾಗಿ, ಮೂಲನಿವಾಸಿಗಳ ಸಾಂಪ್ರದಾಯಿಕ ಕಾನೂನು ಮತ್ತು ಆಚರಣೆಗಳ ಕುರಿತ ಮಾತಿಗೆ ಕೇಳಿಕೆ ಸಾಕ್ಷ್ಯದ ನಿರ್ಬಂಧ ಅನ್ವಯಿಸದು ಎಂಬ ನಿಯಮ ಸೇರಿತು. ಬ್ರಿಸ್ಬೇನ್‌ನಲ್ಲಿ ಮಾಬೊ ಅವರ ಮಾತಿಗೆ ತಡೆ ಬಿದ್ದು ಆಗ ಎರಡು ದಶಕಗಳೇ ಕಳೆದಿದ್ದವು.

ಮರಳಿ ಮಣ್ಣಿಗೆ

ಮಾಬೊ ಅವರನ್ನು ಟೌನ್ಸ್‌ವಿಲ್‌ನಲ್ಲಿ ಸಮಾಧಿ ಮಾಡಲಾಗಿತ್ತು. ತೀರ್ಪಿನ ಮೂರನೇ ವರ್ಷದ ದಿನ, 1995ರ ಜೂನ್ 3ರಂದು, ದ್ವೀಪದ ಪದ್ಧತಿಯಂತೆ ಸಮಾಧಿಯ ಕಲ್ಲನ್ನು ಅನಾವರಣಗೊಳಿಸುವ ವಿಧಿ ನಡೆಯಿತು. ಅದೇ ರಾತ್ರಿ ದುಷ್ಕರ್ಮಿಗಳು ಕಲ್ಲಿನ ಮೇಲೆ ನಾಜಿ ಚಿಹ್ನೆಗಳನ್ನೂ ಜನಾಂಗೀಯ ನಿಂದನೆಯನ್ನೂ ಬಳಿದು, ಅವರ ಮುಖದ ಪ್ರತಿಮೆಯನ್ನು ಕಿತ್ತೊಯ್ದರು. ನೊಂದ ಕುಟುಂಬ ಅವರನ್ನು ಊರಿಗೇ ಕರೆದೊಯ್ಯಲು ನಿರ್ಧರಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹುಟ್ಟೂರು ಲಾಸ್‌ನಲ್ಲಿ ಅವರ ಮರುಸಂಸ್ಕಾರ ನಡೆಯಿತು. ಹಲವು ದಶಕಗಳಿಂದ ನಿಂತುಹೋಗಿದ್ದ ಮಾಲೊವಿನ ವಿಧಿ, ಕುಣಿತಗಳು ಅಂದು ಮತ್ತೆ ನಡೆದವು. ತಂದೆಯ ಕೊನೆಗಾಲದಲ್ಲಿ ಯಾವ ದ್ವೀಪಕ್ಕೆ ಹೋಗಲು ಅವರಿಗೆ ಪರವಾನಗಿ ಸಿಗಲಿಲ್ಲವೋ, ಅದೇ ದ್ವೀಪದ ಮಣ್ಣಿನಲ್ಲಿ ಅವರು ಮಲಗಿದರು.

ಜೂನ್ 3 ಅನ್ನು ಟಾರೆಸ್ ಜಲಸಂಧಿಯ ಜನ ಮಾಬೊ ದಿನವಾಗಿ ಆಚರಿಸುತ್ತಾರೆ. ತೋಟದ ಕೆಲಸದ ಬಿಡುವಿನಲ್ಲಿ ಅವರು ಓದುತ್ತಿದ್ದ ವಿಶ್ವವಿದ್ಯಾಲಯದ ಟೌನ್ಸ್‌ವಿಲ್ ಗ್ರಂಥಾಲಯಕ್ಕೆ 2008ರಲ್ಲಿ ಅವರ ಹೆಸರನ್ನೇ ಇಡಲಾಯಿತು. ದಾವೆಗೆ ಸಂಬಂಧಿಸಿದ ಅವರ ಕಾಗದಪತ್ರಗಳು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. 2001ರಲ್ಲಿ ಯುನೆಸ್ಕೊ ಅವುಗಳನ್ನು ವಿಶ್ವದ ಸ್ಮರಣೆಯ ದಾಖಲೆಗಳ ಪಟ್ಟಿಗೆ ಸೇರಿಸಿತು. ಬರಹವಿಲ್ಲವೆಂಬ ಕಾರಣಕ್ಕೆ ಯಾರ ಮಾತಿಗೆ ಬೆಲೆ ಸಿಗಲಿಲ್ಲವೋ, ಅವರ ಕೈಬರಹವೇ ಇಂದು ಜಗತ್ತು ಜೋಪಾನವಾಗಿಟ್ಟ ದಾಖಲೆಯಾಗಿದೆ.